ಕಲ್ಲಿನ ಮೇಲೆ ಬರೆದ ಲೆಕ್ಕ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಎಂದೊಡನೆ ಸಂಗೀತಪ್ರಿಯರಿಗೆ ಅಲ್ಲಿನ ವಿದ್ವಾಂಸರ ಮನೆತನಗಳು ನೆನಪಾಗುತ್ತವೆ. ಕಾವೇರಿ ದಡದ ಈ ಚಿಕ್ಕ ಊರಿಗೆ ಇನ್ನೊಂದು ಹೆಗ್ಗಳಿಕೆಯೂ ಉಂಟು. 1868ರಲ್ಲಿ ಇಲ್ಲಿ ಹುಟ್ಟಿದ ಆರ್. ಶಾಮಾಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಕೆಲಸದಲ್ಲಿದ್ದಾಗ, 1905ರಲ್ಲಿ, ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಹೆಸರು ಮಾತ್ರ ಕೇಳಿಬರುತ್ತಿದ್ದ ಗ್ರಂಥವೊಂದು ಹೀಗೆ ಮತ್ತೆ ಜಗತ್ತಿನ ಕೈಗೆ ಬಂತು.

ಅಧಿಕಾರಿ ಸರ್ಕಾರದ ಹಣ ನುಂಗುವುದನ್ನು ಕೌಟಿಲ್ಯ ಮೀನು ನೀರು ಕುಡಿಯುವುದಕ್ಕೆ ಹೋಲಿಸಿದ್ದನ್ನು ಅನೇಕರು ಕೇಳಿರಬಹುದು. ಅವನು ಕೊಟ್ಟ ಪಟ್ಟಿಯನ್ನು ಗಮನಿಸಿದವರು ಕಡಿಮೆ. ಬೊಕ್ಕಸದ ಹಣ ಅಪಹರಿಸಲು ನಲವತ್ತು ದಾರಿಗಳಿವೆ ಎಂದು ಎಣಿಸಿ, ಒಂದೊಂದನ್ನೂ ಹೆಸರಿಸುತ್ತಾನೆ. ಅವುಗಳಲ್ಲಿ ಬೀಗ ಒಡೆಯುವ ಕಳ್ಳತನದ ಮಾತಿಲ್ಲ, ಬಹುತೇಕ ಎಲ್ಲವೂ ಬರವಣಿಗೆಯ ಕಳ್ಳತನ. ಕೊಡಬೇಕಾದ್ದನ್ನು ಸಕಾಲದಲ್ಲಿ ಕೊಡದಿರುವುದು ಅದರಲ್ಲೊಂದು. ಕೊಟ್ಟ ವಸ್ತು ಒಂದು, ಪುಸ್ತಕದಲ್ಲಿ ಬರೆದ ವಸ್ತು ಇನ್ನೊಂದು ಆಗಿರುವುದು ಮತ್ತೊಂದು. ಪಡೆದವನೊಬ್ಬ, ಪಡೆದನೆಂದು ಬರೆಸಿಕೊಂಡವನು ಬೇರೊಬ್ಬ ಆಗಿರುವುದು ಮಗದೊಂದು.

ಸರ್ಕಾರಿ ಶಾಲೆಯ ಒಳಹೊರಗನ್ನು ಬಲ್ಲವರಿಗೆ ಈ ಮೂರರ ವಿವರಣೆ ಬೇಕಾಗಿಲ್ಲ. ಜೂನ್‌ನಲ್ಲಿ ಕೊಡಬೇಕಾದ ಸಮವಸ್ತ್ರ ಮಳೆಗಾಲ ಮುಗಿದ ಮೇಲೆ ಬಂದರೆ ಅದು ಮೊದಲನೆಯ ಬಗೆ. ಮಾದರಿ ತೋರಿಸಿದ ಬಟ್ಟೆ ಒಂದು, ಹಂಚಿದ ಬಟ್ಟೆ ಇನ್ನೊಂದಾದರೆ ಎರಡನೆಯದು. ಶಾಲೆಗೇ ಬಾರದ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿದ್ದು, ಅದರ ಪಾಲಿನ ಅಕ್ಕಿ ಬೇರೆಲ್ಲೋ ಬೆಂದರೆ ಮೂರನೆಯದು. ಎರಡು ಸಾವಿರ ವರ್ಷಗಳ ಹಿಂದಿನ ಪಟ್ಟಿ ಇನ್ನೂ ಹಳತಾಗಿಲ್ಲ.

ಭ್ರಷ್ಟಾಚಾರ ಎಲ್ಲ ಇಲಾಖೆಗಳಲ್ಲೂ ಇದೆ, ಶಿಕ್ಷಣ ಇಲಾಖೆಯನ್ನು ಮಾತ್ರ ಏಕೆ ಎತ್ತಿಕೊಳ್ಳಬೇಕು ಎಂದು ಯಾರಾದರೂ ಕೇಳಬಹುದು. ನಷ್ಟ ಯಾರಿಗೆ ಮತ್ತು ಯಾವಾಗ ತಿಳಿಯುತ್ತದೆ ಎಂಬುದರಲ್ಲಿ ಇದಕ್ಕೆ ಉತ್ತರವಿದೆ. ಕಳಪೆ ರಸ್ತೆ ಮೊದಲ ಮಳೆಗೇ ಕಿತ್ತುಹೋಗುತ್ತದೆ. ಊರಿನವರು ಬೈಯುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಕಳಪೆ ನೇಮಕ ಹಾಗೆ ಕಿತ್ತು ಕಾಣುವುದಿಲ್ಲ. ಇಪ್ಪತ್ತೈದನೆಯ ವಯಸ್ಸಿಗೆ ಸೇರಿದ ಶಿಕ್ಷಕ ಅರವತ್ತಕ್ಕೆ ನಿವೃತ್ತನಾಗುತ್ತಾನೆ. ವರ್ಷಕ್ಕೆ 30 ಮಕ್ಕಳೆಂದರೂ 35 ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ಅವನ ಕೈಕೆಳಗೆ ಹಾದುಹೋಗುತ್ತಾರೆ. ತಮಗೆ ಏನು ಸಿಗಬೇಕಾಗಿತ್ತು, ಏನು ಸಿಗಲಿಲ್ಲ ಎಂಬುದು ಆ ಮಕ್ಕಳಿಗೆ ಗೊತ್ತಾಗುವುದೇ ಇಲ್ಲ. ಲಂಚ ಕೊಟ್ಟವನು ಒಬ್ಬ, ತೆಗೆದುಕೊಂಡವನು ಒಬ್ಬ. ಅದರ ಕಂತನ್ನು ಮೂವತ್ತೈದು ವರ್ಷ ಕಟ್ಟುವವರು ಇವರಿಬ್ಬರೂ ಅಲ್ಲ.

ದತ್ತಿ ಮತ್ತು ಶಾಪ

ಹಾಸನ ಜಿಲ್ಲೆಯಲ್ಲಿ ಸಾರ್ವಜನಿಕ ಹಣದ ಲೆಕ್ಕ ಬರೆದಿಡುವ ರೂಢಿ ಬಹಳ ಹಳೆಯದು. ಹೊಯ್ಸಳರ ಕಾಲದಲ್ಲಿ ಅಗ್ರಹಾರಕ್ಕೋ ದೇವಾಲಯಕ್ಕೋ ಬಸದಿಗೋ ಭೂಮಿ ಬಿಟ್ಟರೆ ಅದನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಕೊಟ್ಟವರು ಯಾರು, ಪಡೆದವರು ಯಾರು, ಗದ್ದೆ ಎಷ್ಟು, ಬೆದ್ದಲು ಎಷ್ಟು, ನಾಲ್ಕು ದಿಕ್ಕಿನ ಎಲ್ಲೆ ಯಾವುದು ಎಂಬ ವಿವರವೆಲ್ಲ ಅದರಲ್ಲಿರುತ್ತಿತ್ತು. ಕೊನೆಯಲ್ಲಿ ಶಾಪ. ದತ್ತಿಯನ್ನು ಕಿತ್ತುಕೊಂಡವನಿಗೆ ಅರವತ್ತು ಸಾವಿರ ವರ್ಷಗಳ ನೀಚಜನ್ಮವನ್ನು ವಿಧಿಸುವ ಶ್ಲೋಕವನ್ನು ಊರೂರಿನ ಕಲ್ಲುಗಳಲ್ಲಿ ನೋಡಬಹುದು. ಅಷ್ಟು ಶಾಪ ಬರೆಸಬೇಕಾಯಿತು ಎಂದರೆ ನುಂಗುವವರು ಆಗಲೂ ಇದ್ದರು ಎಂದೇ ಅರ್ಥ.

ಆ ಕಾಲವನ್ನು ಸತ್ಯಯುಗವೆಂದು ಭ್ರಮಿಸಬೇಕಾಗಿಲ್ಲ. ಅಗ್ರಹಾರದ ವಿದ್ಯೆ ಕೆಲವರಿಗೆ ಮಾತ್ರ ಮೀಸಲಾಗಿತ್ತು. ಉಳುವವನ ಮಗನಿಗೆ, ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. ಹಾಗಿದ್ದರೂ ಆ ಕಲ್ಲು ಒಂದು ವಿಷಯವನ್ನು ಸರಿಯಾಗಿ ಹಿಡಿದಿತ್ತು. ಹಣ ಯಾರಿಗೆ ಸೇರಬೇಕೋ ಅವರ ಊರಿನ ನಡುವೆಯೇ ಲೆಕ್ಕ ನಿಂತಿರುತ್ತಿತ್ತು.

ಈ ಶಾಸನಗಳನ್ನು ಹುಡುಕಿ, ಓದಿಸಿ, ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಶ್ರವಣಬೆಳಗೊಳದ ಸಂಪುಟ 1889ರಲ್ಲೂ ಹಾಸನ ಜಿಲ್ಲೆಯ ಸಂಪುಟ 1902ರಲ್ಲೂ ಹೊರಬಂದವು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳ ಕಲ್ಲುಗಳೆಲ್ಲ ಅವುಗಳಲ್ಲಿ ಸೇರಿವೆ. ಇದೇ ರೈಸ್ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರೂ ಆಗಿದ್ದರು. ಹಳ್ಳಿಗಾಡಿಗೆ ಸರ್ಕಾರಿ ಶಾಲೆಯನ್ನು ತಂದ ‘ಹೋಬಳಿ ಶಾಲೆ’ಗಳ ಯೋಜನೆ 1868ರಲ್ಲಿ ಅವರ ಕೈಯಿಂದಲೇ ರೂಪುಗೊಂಡಿತು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಅದಕ್ಕೆ ಮೊದಲು ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ. ಅಯ್ಯನವರು ಜಗಲಿಯ ಮೇಲೆ ಮರಳು ಹರಡಿ ಅಕ್ಷರ ತಿದ್ದಿಸುತ್ತಿದ್ದರು. ಪೋಷಕರು ಕಾಸೋ ಕಾಳೋ ಕೊಡುತ್ತಿದ್ದರು. ಕಲಿಸದ ಅಯ್ಯನಿಗೆ ಕಾಳು ಹೋಗುತ್ತಿರಲಿಲ್ಲ. ಹೋಬಳಿ ಶಾಲೆಯ ಯೋಜನೆಯಲ್ಲೂ ಈ ಹಿಡಿತ ಸ್ವಲ್ಪ ಉಳಿದಿತ್ತು. ಊರಿನವರು ಕಟ್ಟಡ ಒದಗಿಸಬೇಕು, ಮಕ್ಕಳನ್ನು ಸೇರಿಸುವ ಭರವಸೆ ಕೊಡಬೇಕು. ಸರ್ಕಾರ ನಾರ್ಮಲ್ ಶಾಲೆಯಲ್ಲಿ ತರಬೇತಿ ಪಡೆದ ಉಪಾಧ್ಯಾಯನನ್ನು ಕಳುಹಿಸಿ ಸಂಬಳ ಕೊಡುತ್ತದೆ. ಇಬ್ಬರಿಗೂ ಪಾಲು, ಇಬ್ಬರಿಗೂ ಹೊಣೆ.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಸ್ವಾತಂತ್ರ್ಯ ಬಂದ ಮೇಲೆ, ಏಕೀಕರಣದ ನಂತರ, ಇಡೀ ರಾಜ್ಯಕ್ಕೆ ಅನ್ವಯವಾಗುವ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ 1961ರಲ್ಲಿ ಜಾರಿಯಾಯಿತು. ಶಾಲೆಗಳು ನೂರರಿಂದ ಸಾವಿರಕ್ಕೆ, ಸಾವಿರದಿಂದ ಹತ್ತಾರು ಸಾವಿರಕ್ಕೆ ಏರಿದವು. ಯಾರ ಮನೆಯಲ್ಲಿ ಒಂದು ಅಕ್ಷರವೂ ಇರಲಿಲ್ಲವೋ ಆ ಮನೆಯ ಮಕ್ಕಳು ಶಾಲೆಯ ಹೊಸಿಲು ದಾಟಿದರು. ಇದು ಸಣ್ಣ ಸಾಧನೆಯಲ್ಲ. ಲಾಭದ ಜೊತೆಗೆ ಒಂದು ನಷ್ಟವೂ ಆಯಿತು. ಲೆಕ್ಕ ಊರನ್ನು ಬಿಟ್ಟು ಕಚೇರಿ ಸೇರಿತು. ಶಾಲೆಗೆ ಎಷ್ಟು ಹಣ ಬಂತು, ಮೇಷ್ಟ್ರು ಏಕೆ ಬರಲಿಲ್ಲ, ಬಂದವರು ಏಕೆ ಹೋದರು ಎಂಬುದು ತಾಲ್ಲೂಕು ಕಚೇರಿಯ ಕಡತಕ್ಕೆ ಗೊತ್ತು, ಜಿಲ್ಲಾ ಕಚೇರಿಯ ಕಡತಕ್ಕೆ ಗೊತ್ತು. ಊರಿಗೆ ಮಾತ್ರ ಗೊತ್ತಿಲ್ಲ.

ಹುದ್ದೆಗೆ ಬೆಲೆ ಬಂದಾಗ

ಕಡತದ ಹಿಂದೆ ನಡೆಯುವ ವ್ಯಾಪಾರದಲ್ಲಿ ಎರಡು ಮುಖ್ಯ ಸರಕು. ಒಂದು ನೇಮಕ, ಇನ್ನೊಂದು ವರ್ಗಾವಣೆ.

ನೇಮಕದಲ್ಲಿ ಕಳ್ಳದಾರಿ ಎಂದರೆ ಸಾಮಾನ್ಯವಾಗಿ ಸಂದರ್ಶನ. ಪರೀಕ್ಷೆಯ ಅಂಕಗಳು ಅಂಕಪಟ್ಟಿಯಲ್ಲಿ ಇರುತ್ತವೆ, ಅವನ್ನು ತಿದ್ದುವುದು ಕಷ್ಟ. ಸಂದರ್ಶನದ ಅಂಕಗಳು ಕುಳಿತವರ ಕೈಯಲ್ಲಿರುತ್ತವೆ. ಹರಿಯಾಣದಲ್ಲಿ 1999-2000ರಲ್ಲಿ ನಡೆದ 3,206 ಕಿರಿಯ ಶಿಕ್ಷಕರ ನೇಮಕ ಇದಕ್ಕೆ ಪಾಠದಂಥ ಉದಾಹರಣೆ. ಆಯ್ಕೆ ಸಮಿತಿಗಳು ಮಾಡಿದ ಮೂಲಪಟ್ಟಿಯ ಜಾಗಕ್ಕೆ ಸಂದರ್ಶನದ ಅಂಕ ಬದಲಾಯಿಸಿದ ಇನ್ನೊಂದು ಪಟ್ಟಿ ಬಂತು. 2013ರಲ್ಲಿ ನ್ಯಾಯಾಲಯ ಮಾಜಿ ಮುಖ್ಯಮಂತ್ರಿ ಓಂ ಪ್ರಕಾಶ್ ಚೌಟಾಲಾ ಅವರಿಗೆ ಹತ್ತು ವರ್ಷಗಳ ಶಿಕ್ಷೆ ವಿಧಿಸಿತು. ಅಪರಾಧಕ್ಕೂ ತೀರ್ಪಿಗೂ ನಡುವೆ ಹನ್ನೆರಡು ವರ್ಷಗಳು. ಒಂದನೆಯ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಶಾಲೆಯನ್ನೇ ಮುಗಿಸಿರುತ್ತದೆ.

ಪಶ್ಚಿಮ ಬಂಗಾಳದ ಕಥೆ ಇನ್ನೂ ದಾರುಣ. 2016ರ ನೇಮಕ ಪ್ರಕ್ರಿಯೆ ಕೆಟ್ಟಿತ್ತೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ 25 ಸಾವಿರಕ್ಕೂ ಹೆಚ್ಚು ಶಿಕ್ಷಕರು ಮತ್ತು ಸಿಬ್ಬಂದಿಯ ನೇಮಕ ರದ್ದಾದುದನ್ನು ಎತ್ತಿಹಿಡಿಯಿತು. ಹಣ ಕೊಟ್ಟು ಬಂದವರ ಜೊತೆಗೆ, ಓದಿ ಗೆದ್ದು ಬಂದವರೂ ಕೆಲಸ ಕಳೆದುಕೊಂಡರು. ಪಾತ್ರೆಯೊಳಗೆ ಒಂದು ತೊಟ್ಟು ಹುಳಿ ಬಿದ್ದರೆ ಹಾಲೆಲ್ಲ ಒಡೆಯುವಂತೆ.

ವರ್ಗಾವಣೆಯ ವ್ಯಾಪಾರ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ, ಆದರೆ ಹಳ್ಳಿಯ ಶಾಲೆಗೆ ಹೆಚ್ಚು ಪೆಟ್ಟು ಕೊಡುವುದು ಅದೇ. ನಮ್ಮ ನಾಲ್ಕು ತಾಲ್ಲೂಕುಗಳ ನಕ್ಷೆಯನ್ನೇ ಎದುರಿಗಿಟ್ಟುಕೊಳ್ಳಿ. ಚನ್ನರಾಯಪಟ್ಟಣ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ಹಾಸನದಿಂದ ಹೊಳೆನರಸೀಪುರಕ್ಕೆ ರೈಲೂ ಉಂಟು, ಬಸ್ಸೂ ಉಂಟು. ಅರಕಲಗೂಡಿನ ಒಳಹಳ್ಳಿಗಳಿಗೆ ಬಸ್ಸು ಇಳಿದು ಇನ್ನೂ ನಡೆಯಬೇಕು. ಹಾಸನದಲ್ಲಿ ಮನೆ ಮಾಡಿಕೊಂಡ ಶಿಕ್ಷಕನಿಗೆ ಹೆದ್ದಾರಿ ಪಕ್ಕದ ಶಾಲೆಯೇ ಬೇಕು ಎನ್ನಿಸುವುದು ಸಹಜ. ಮಕ್ಕಳ ಓದು, ವಯಸ್ಸಾದ ತಂದೆತಾಯಿ ಎಲ್ಲರಿಗೂ ಇರುತ್ತಾರೆ. ತಪ್ಪು ಆ ಆಸೆಯಲ್ಲಿಲ್ಲ. ಆ ಆಸೆಯನ್ನು ಯಾರೋ ಕುಳಿತು ಹರಾಜು ಹಾಕಬಹುದು ಎಂಬುದರಲ್ಲಿದೆ. ವರ್ಗಾವಣೆ ಶಿಫಾರಸು ಪತ್ರದಿಂದ ನಡೆದರೆ ರಸ್ತೆ ಬದಿಯ ಶಾಲೆಯಲ್ಲಿ ಮೇಷ್ಟ್ರುಗಳು ತುಂಬುತ್ತಾರೆ, ಒಳಗಿನ ಶಾಲೆಯಲ್ಲಿ ಒಬ್ಬರೇ ನಾಲ್ಕು ತರಗತಿ ನೋಡುತ್ತಾರೆ. ಯಾರ ಪರಿಚಯವೂ ಇಲ್ಲದ ಶಿಕ್ಷಕ ಒಳಗೇ ಉಳಿಯುತ್ತಾನೆ. ಯಾರ ಪರಿಚಯವೂ ಇಲ್ಲದ ಮಗು ಅಂಥ ಶಾಲೆಯಲ್ಲೇ ಓದುತ್ತದೆ.

ಇದರ ಮುಂದಿನ ಹೆಜ್ಜೆ ಎಲ್ಲರಿಗೂ ಕಾಣುತ್ತಿದೆ. ಸ್ವಲ್ಪ ಅನುಕೂಲವಿದ್ದವರು ಮಗುವನ್ನು ಹಳದಿ ಬಸ್ಸು ಹತ್ತಿಸಿ ಕಾನ್ವೆಂಟಿಗೆ ಕಳುಹಿಸುತ್ತಾರೆ. ಊರಿನಲ್ಲಿ ಗಟ್ಟಿಯಾಗಿ ಕೇಳಬಲ್ಲವರ ಮಕ್ಕಳು ಹೋದ ಮೇಲೆ ಶಾಲೆಯ ಬಗ್ಗೆ ಕೇಳುವವರೇ ಇರುವುದಿಲ್ಲ. ಮಕ್ಕಳ ಸಂಖ್ಯೆ ಇಳಿಯುತ್ತದೆ, ಸಂಖ್ಯೆ ಇಳಿಯಿತೆಂದು ಹುದ್ದೆ ಹೋಗುತ್ತದೆ, ಹುದ್ದೆ ಹೋಯಿತೆಂದು ಉಳಿದ ಮಕ್ಕಳೂ ಹೋಗುತ್ತಾರೆ.

ಒಂದು ಪಟ್ಟಿಯ ಕಥೆ

ಇದೆಲ್ಲ ಹಣೆಬರಹ, ಯಾರು ಬಂದರೂ ಅಷ್ಟೇ ಎನ್ನುವವರಿಗೆ ಕರ್ನಾಟಕದಲ್ಲೇ ಉತ್ತರವಿದೆ. 1994ರ ಡಿಸೆಂಬರ್‌ನಲ್ಲಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದರು. ಅವರ ಸಂಪುಟದಲ್ಲಿ ಶಿಕ್ಷಣ ಖಾತೆ ವಹಿಸಿಕೊಂಡವರು ಮಲೆನಾಡಿನ ಕೊಪ್ಪದ ಎಚ್.ಜಿ. ಗೋವಿಂದೇಗೌಡರು. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋಗಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾದ ಮೇಲೂ ಗೋವಿಂದೇಗೌಡರು ಅದೇ ಖಾತೆಯಲ್ಲಿ ಮುಂದುವರಿದರು.

ಆಗ ರಾಜ್ಯದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ಹುದ್ದೆಗಳು ಭಾರೀ ಸಂಖ್ಯೆಯಲ್ಲಿ ಖಾಲಿ ಇದ್ದವು. ಮೇಷ್ಟ್ರ ಕೆಲಸಕ್ಕೆ ಜಮೀನು ಮಾರಬೇಕು, ಇಲ್ಲವೇ ಯಾರನ್ನಾದರೂ ಹಿಡಿಯಬೇಕು ಎಂಬುದು ಹಳ್ಳಿಗಳಲ್ಲಿ ಗಾದೆಯಂತೆ ಆಗಿತ್ತು. ಗೋವಿಂದೇಗೌಡರ ಕಾಲದ ನೇಮಕಾತಿಯಲ್ಲಿ ಅಭ್ಯರ್ಥಿಗಳ ಅಂಕಗಳೇ ಪಟ್ಟಿಯನ್ನು ನಿರ್ಧರಿಸಿದವು. ಮೀಸಲಾತಿಯ ನಿಯಮದಂತೆ ಪಟ್ಟಿ ಸಿದ್ಧವಾಗಿ ಎಲ್ಲರ ಕಣ್ಣೆದುರು ಪ್ರಕಟವಾಯಿತು. ಯಾವ ಊರಿಗೆ ಹೋಗಬೇಕೆಂಬುದು ಕೌನ್ಸೆಲಿಂಗಿನಲ್ಲಿ ತೀರ್ಮಾನವಾಯಿತು. ಪಟ್ಟಿಯಲ್ಲಿ ಮುಂದಿದ್ದವರು ಮೊದಲು ಆರಿಸಿಕೊಳ್ಳಬೇಕು, ಅಷ್ಟೇ. ಆ ಐದು ವರ್ಷಗಳಲ್ಲಿ ಕೆಲಸಕ್ಕೆ ಸೇರಿದ ಶಿಕ್ಷಕರ ಸಂಖ್ಯೆಯನ್ನು ಸಾಮಾನ್ಯವಾಗಿ ಒಂದು ಲಕ್ಷ ಎಂದು ಹೇಳುತ್ತಾರೆ. 2016ರ ಜನವರಿಯಲ್ಲಿ ಗೋವಿಂದೇಗೌಡರು ತೀರಿಕೊಂಡಾಗ, ಒಂದು ಕಪ್ ಕಾಫಿ ಕೂಡ ಕೊಡಿಸದೆ ಕೆಲಸ ಸಿಕ್ಕಿತೆಂದು ನೆನೆದು ಕಣ್ಣೀರಿಟ್ಟ ಶಿಕ್ಷಕರು ರಾಜ್ಯದ ಎಲ್ಲ ಮೂಲೆಗಳಲ್ಲೂ ಇದ್ದರು.

ಅದರಲ್ಲಿ ಪವಾಡವೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಮಂತ್ರಿಯ ಪ್ರಾಮಾಣಿಕತೆ ದೊಡ್ಡದೇ. ಅದಕ್ಕಿಂತ ದೊಡ್ಡದು, ಆ ಪ್ರಾಮಾಣಿಕತೆಯನ್ನು ಅವರು ಒಂದು ಕ್ರಮವಾಗಿ ಮಾರ್ಪಡಿಸಿದ್ದು. ಮಾರುವುದಕ್ಕೆ ಯಾರ ಕೈಯಲ್ಲೂ ಏನೂ ಉಳಿಯದಂತೆ ಮಾಡಿದರೆ ಕೊಳ್ಳುವವನು ಯಾರ ಬಳಿ ಹೋಗಬೇಕು? ಅದೇ ದಾರಿಯಲ್ಲಿ ಮುಂದೆ 2007ರಲ್ಲಿ ಶಿಕ್ಷಕರ ವರ್ಗಾವಣೆಗೆಂದೇ ಪ್ರತ್ಯೇಕ ಕಾಯಿದೆ ಬಂದು, ವರ್ಗಾವಣೆಗೂ ಕೌನ್ಸೆಲಿಂಗ್ ಕಡ್ಡಾಯವಾಯಿತು. 2020ರಲ್ಲಿ ಅದರ ಜಾಗಕ್ಕೆ ಹೊಸ ಕಾಯಿದೆ ಬಂದಿದೆ.

ಸರಿಯಾದ ಕ್ರಮವನ್ನು ಒಮ್ಮೆ ಕಂಡುಕೊಂಡರೆ ಅದು ತಾನಾಗಿ ಉಳಿಯುವುದಿಲ್ಲ ಎಂಬುದಕ್ಕೂ ಇಲ್ಲೇ ಸಾಕ್ಷಿ ಇದೆ. 2012-13 ಮತ್ತು 2014-15ರ ಸಾಲಿನ ಪ್ರೌಢಶಾಲಾ ಶಿಕ್ಷಕರ ನೇಮಕದಲ್ಲಿ ಅಕ್ರಮ ನಡೆದಿದೆ ಎಂಬ ಆರೋಪದ ಮೇಲೆ 2022ರಲ್ಲಿ ಸಿಐಡಿ ಹಲವು ಶಿಕ್ಷಕರನ್ನೂ ಅಧಿಕಾರಿಗಳನ್ನೂ ಬಂಧಿಸಿತು. 2016ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಬಯಲಾಯಿತು. ಮರುಪರೀಕ್ಷೆಗೆ ಸಿದ್ಧಪಡಿಸಿದ ಪತ್ರಿಕೆಯೂ ಬಯಲಾಯಿತು. ಕೊನೆಗೆ ಏಪ್ರಿಲ್‌ನಲ್ಲಿ ಪರೀಕ್ಷೆ ನಡೆಯಿತು. ದುಡ್ಡು ಕೊಟ್ಟು ಪತ್ರಿಕೆ ಕೊಂಡವರು ಕೆಲವರು. ಮೂರು ಸಲ ಸಿದ್ಧರಾಗಬೇಕಾದವರು ರಾಜ್ಯದ ವಿಜ್ಞಾನ ವಿದ್ಯಾರ್ಥಿಗಳೆಲ್ಲ.

ಉಗಾಂಡಾದ ಶಾಲೆಯ ಬಾಗಿಲು

ನೇಮಕ, ವರ್ಗಾವಣೆಗಳ ಜೊತೆಗೆ ಶಾಲೆಗೆ ಬರುವ ಅನುದಾನದ ವಿಷಯವೂ ಇದೆ. ಈ ಬಗ್ಗೆ ಪ್ರಪಂಚದಲ್ಲೇ ಹೆಸರಾದ ಲೆಕ್ಕಾಚಾರ ನಡೆದದ್ದು ಆಫ್ರಿಕದ ಉಗಾಂಡಾದಲ್ಲಿ. ಅಲ್ಲಿನ ಸರ್ಕಾರ ಪ್ರತಿ ವಿದ್ಯಾರ್ಥಿಗೆ ಇಷ್ಟು ಎಂದು ಶಾಲೆಗಳಿಗೆ ಹಣ ಬಿಡುಗಡೆ ಮಾಡುತ್ತಿತ್ತು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಅರ್ಥತಜ್ಞರು 250 ಶಾಲೆಗಳಿಗೆ ಹೋಗಿ, ರಾಜಧಾನಿಯಿಂದ ಹೊರಟ ಹಣವನ್ನೂ ಶಾಲೆ ಮುಟ್ಟಿದ ಹಣವನ್ನೂ ಹೋಲಿಸಿ ನೋಡಿದರು. 1991ರಿಂದ 1995ರವರೆಗೆ ಶಾಲೆಗಳಿಗೆ ಸೇರಿದ್ದು ಸರಾಸರಿ ನೂರಕ್ಕೆ ಹದಿಮೂರು ಪಾಲು. ಉಳಿದದ್ದು ನಡುವಿನ ಕಚೇರಿಗಳಲ್ಲಿ ಕರಗಿತ್ತು. ಬಹಳಷ್ಟು ಶಾಲೆಗಳಿಗೆ ಬಿಡಿಗಾಸೂ ಬಂದಿರಲಿಲ್ಲ. ಬರಬೇಕಾಗಿತ್ತು ಎಂಬುದೇ ಎಷ್ಟೋ ಮುಖ್ಯೋಪಾಧ್ಯಾಯರಿಗೆ ತಿಳಿದಿರಲಿಲ್ಲ.

ಆಮೇಲೆ ಅಲ್ಲಿನ ಸರ್ಕಾರ ಒಂದು ಸರಳ ಕೆಲಸ ಮಾಡಿತು. ಯಾವ ಜಿಲ್ಲೆಗೆ ಎಷ್ಟು ಹಣ ಹೋಯಿತೆಂದು ದಿನಪತ್ರಿಕೆಗಳಲ್ಲಿ ಅಚ್ಚು ಹಾಕಿಸಿತು, ಬಂದ ಹಣದ ಲೆಕ್ಕವನ್ನು ಶಾಲೆಯಲ್ಲಿ ಅಂಟಿಸಬೇಕೆಂದಿತು. 2001ರ ಹೊತ್ತಿಗೆ ಶಾಲೆ ಮುಟ್ಟುವ ಪಾಲು ನೂರಕ್ಕೆ ಎಂಬತ್ತರಷ್ಟಾಯಿತು. ಇದರಲ್ಲಿ ಪತ್ರಿಕೆಯ ಪಾಲೆಷ್ಟು, ಬೇರೆ ಸುಧಾರಣೆಗಳ ಪಾಲೆಷ್ಟು ಎಂದು ತಜ್ಞರು ಚರ್ಚಿಸುತ್ತಾರೆ. ತನಗೆ ಎಷ್ಟು ಬರಬೇಕೆಂದು ಗೊತ್ತಿಲ್ಲದವನು ಕೇಳುವುದೇ ಇಲ್ಲ ಎಂಬುದರಲ್ಲಿ ಮಾತ್ರ ಚರ್ಚೆಯಿಲ್ಲ.

ಇದನ್ನೇ ಅಲ್ಲವೇ ನಮ್ಮ ಊರಿನ ಕಲ್ಲುಗಳು ಮಾಡುತ್ತಿದ್ದುದು?

ಕರ್ನಾಟಕವೂ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಈಗ ಎಲ್ಲರೂ ಎಸ್‌ಡಿಎಂಸಿ ಎನ್ನುವ ಸಮಿತಿಗಳು, ಹುಟ್ಟಿದವು. ಅದರಲ್ಲಿ ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಯರೇ ಸದಸ್ಯರು. ಮಾಹಿತಿ ಹಕ್ಕಿನ ಕಾಯಿದೆಯನ್ನು ರಾಜ್ಯ 2000ದಲ್ಲಿ, ಕೇಂದ್ರ 2005ರಲ್ಲಿ ತಂದವು. 2010ರಿಂದ ಶಿಕ್ಷಣ ಹಕ್ಕಿನ ಕಾಯಿದೆಯೂ ಜಾರಿಯಲ್ಲಿದೆ. ಆಯುಧಗಳಿಗೆ ಕೊರತೆಯಿಲ್ಲ. ಕೂಲಿ ಬಿಟ್ಟು ಸಭೆಗೆ ಬರಲಾಗದ ತಾಯಿಯ ಬದಲು ಊರಿನ ಪುಢಾರಿ ಸಮಿತಿಯನ್ನು ನಡೆಸುವ ಕಡೆ ಆಯುಧ ತುಕ್ಕು ಹಿಡಿಯುತ್ತದೆ. ಆ ತಾಯಿ ಬಂದು ಕೂತು ಅಕ್ಕಿಮೂಟೆ ಎಣಿಸುವ ಕಡೆ ಊಟವೂ ಸರಿಯಾಗುತ್ತದೆ, ಪಾಠವೂ ಸರಿಯಾಗುತ್ತದೆ.

ಇಲ್ಲಿ ಶಿಕ್ಷಕರ ಪರವಾಗಿ ಒಂದು ಮಾತು ಹೇಳಲೇಬೇಕು. 2003ರಲ್ಲಿ ದೇಶದ 20 ರಾಜ್ಯಗಳ ಸುಮಾರು 3,700 ಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಭೇಟಿ ಕೊಟ್ಟ ಸಂಶೋಧಕರಿಗೆ ನಾಲ್ವರಲ್ಲಿ ಒಬ್ಬ ಸರ್ಕಾರಿ ಶಿಕ್ಷಕ ಕಾಣಲಿಲ್ಲ. ಈ ಅಂಕಿಯನ್ನು ಹಿಡಿದು ಮೇಷ್ಟ್ರುಗಳನ್ನು ಬೈಯುವುದು ಸುಲಭ. ಕಾಣದವರೆಲ್ಲ ಕಳ್ಳರಲ್ಲ. ರಜೆಯ ಮೇಲಿದ್ದವರೂ ತರಬೇತಿ, ಜನಗಣತಿ, ಚುನಾವಣೆ ಎಂದು ಸರ್ಕಾರವೇ ಹೊರಗೆ ಕಳುಹಿಸುವವರೂ ಇರುತ್ತಾರೆ. ಕಚೇರಿಯ ಮೇಜು ಮೇಜಿಗೂ ಅಲೆದು ತನ್ನದೇ ಬಡ್ತಿಯ, ಬಾಕಿ ವೇತನದ, ಪಿಂಚಣಿಯ ಕಡತವನ್ನು ದೂಡಬೇಕಾದ ಶಿಕ್ಷಕನೂ ಆ ದಿನ ತರಗತಿಯಲ್ಲಿ ಇರಲಾರ. ಭ್ರಷ್ಟಾಚಾರ ಕೆಟ್ಟ ಶಿಕ್ಷಕನನ್ನು ತರುವುದಷ್ಟೇ ಅಲ್ಲ, ಒಳ್ಳೆಯ ಶಿಕ್ಷಕನ ದಿನವನ್ನೂ ನುಂಗುತ್ತದೆ.

ಮುಂದಿನ ಮೂವತ್ತೈದು ವರ್ಷ

2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೆ ಮೊದಲ ಸ್ಥಾನ ಪಡೆಯಿತು. ಅದರ ಶ್ರೇಯಸ್ಸು ಯಾರದೆಂದು ಆಗ ಸಾಕಷ್ಟು ವಾಗ್ವಾದ ನಡೆಯಿತು. ಅಂಥ ಫಲಿತಾಂಶಕ್ಕೆ ಕಾರಣಗಳು ಅನೇಕ. ಆದರೆ ಪರೀಕ್ಷೆ ಬರೆದ ಆ ಮಕ್ಕಳು ಒಂದನೆಯ ತರಗತಿಗೆ ಸೇರಿದ್ದು ಹತ್ತು ವರ್ಷಗಳ ಹಿಂದೆ. ಅವರಲ್ಲಿ ಎಷ್ಟೋ ಮಕ್ಕಳಿಗೆ ಹಳ್ಳಿಯ ಶಾಲೆಯಲ್ಲಿ ಅಆಇಈ ತಿದ್ದಿಸಿದವರು ತೊಂಬತ್ತರ ದಶಕದ ಆ ಪಟ್ಟಿಯಿಂದ ಬಂದ ಮೇಷ್ಟ್ರು, ಟೀಚರಮ್ಮಂದಿರು. ವಾಗ್ವಾದದಲ್ಲಿ ಅವರ ಹೆಸರು ಬರಲಿಲ್ಲ. ಅವರು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ.

ಆ ಶಿಕ್ಷಕರು ಈಗ ಐವತ್ತು ದಾಟಿದ್ದಾರೆ. ವರ್ಷ ವರ್ಷವೂ ಒಬ್ಬೊಬ್ಬರಾಗಿ ಶಾಲು, ಹಾರ, ಫಲತಾಂಬೂಲ ಪಡೆದು ಮನೆಗೆ ಹೋಗುತ್ತಿದ್ದಾರೆ. ಅವರು ಬಿಟ್ಟುಹೋದ ಕುರ್ಚಿಯಲ್ಲಿ ಸದ್ಯಕ್ಕೆ ಅನೇಕ ಕಡೆ ಕುಳಿತಿರುವವರು ಅಲ್ಪ ಗೌರವಧನದ ಅತಿಥಿ ಶಿಕ್ಷಕರು. ಆ ಕುರ್ಚಿಗಳಿಗೆ ಕಾಯಂ ಆಗಿ ಯಾರು, ಯಾವ ದಾರಿಯಿಂದ ಬರುತ್ತಾರೆ ಎಂಬುದರ ಮೇಲೆ ಮುಂದಿನ ಮೂವತ್ತೈದು ವರ್ಷದ ಶಾಲೆ ನಿಂತಿದೆ. ಅಂಕದ ಪಟ್ಟಿ ಹಿಡಿದು ಬಂದವರು ಕೂತರೆ ಅದರ ಲಾಭವೂ ಅಷ್ಟೇ ದೀರ್ಘ, ಜಮೀನು ಮಾರಿ ಬಂದವರು ಕೂತರೆ ನಷ್ಟವೂ ಅಷ್ಟೇ ದೀರ್ಘ.

ಶಾಪದಲ್ಲಿ ಈಗ ಯಾರಿಗೂ ನಂಬಿಕೆ ಇಲ್ಲ. ಅರವತ್ತು ಸಾವಿರ ವರ್ಷಗಳ ಮಾತಿರಲಿ, ಆರು ವರ್ಷದ ಶಿಕ್ಷೆಗೂ ಹೆದರದವರಿದ್ದಾರೆ. ಕಲ್ಲಿನ ಮೊದಲ ಭಾಗ ಮಾತ್ರ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಕೊಟ್ಟವರು ಯಾರು, ಎಷ್ಟು ಕೊಟ್ಟರು, ಯಾರಿಗೆ ಸೇರಬೇಕು ಎಂಬುದನ್ನು ಊರಿನ ನಡುವೆ, ಓದಬಲ್ಲವರೆಲ್ಲ ಓದುವಂತೆ ಬರೆದಿಡುವುದು. ಅದಕ್ಕೆ ಕಲ್ಲೇ ಬೇಕೆಂದಿಲ್ಲ. ಶಾಲೆಯ ಜಗಲಿಯ ಗೋಡೆಯ ಮೇಲೆ ಒಂದು ಕರಿಹಲಗೆ ಸಾಕು. ಅದನ್ನು ಓದಿ ಹೇಳಲು ಐದನೆಯ ತರಗತಿಯ ಮಗುವೇ ಸಾಕು, ಶಾಲೆ ಅದಕ್ಕೆ ಓದು ಕಲಿಸಿದ್ದರೆ.